ಟಿಸಿಗೂ ಮೋಟರಿಗೂ ನಡುವಿನ ತಂತಿ

ಮೂಡಲಗಿ ಸೀಮೆಯ ಒಬ್ಬ ರೈತರು. ಹುಕ್ಕೇರಿ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಒಬ್ಬ ಮಾಸ್ತರರು. ಗೋಕಾಕದಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿಯೊಂದರ ಮುಂದೆ ಇಬ್ಬರೂ ಆಡಿದ ಮಾತು ಇದು.

ರೈತ: ನೋಡ್ರಿ ಮಾಸ್ತರ್ರ, ಹೋದ ಬ್ಯಾಸಗ್ಯಾಗ ಒಮ್ಮೆ ಸುಟ್ಟಿತ್ತು, ಈಗ ಮತ್ತ ಸುಟ್ಟತು. ಏಳೂವರಿ ಎಚ್‌ಪಿ ಮೋಟರು. ಛಲೋ ಕಂಪನಿದು, ಬೋರಿನಾಗ ನೀರೂ ಐತಿ. ಕಬ್ಬಿಗೆ ನೀರ ಹಾಯಿಸೂ ಹೊತ್ತಿಗೇ ಕೈ ಕೊಡತೈತಿ. ಇದನ್ನ ನಮ್ಮ ನಸೀಬ ಅನ್ನೂಣೋ, ಏನನ್ನೂಣೋ?

ಮಾಸ್ತರ: ನಸೀಬಿನ ಮಾತು ಆಮ್ಯಾಲ ಕಾಕಾ. ಮೊದಲ ಇದನ್ನ ಹೇಳ್ರಿ: ನಿಮ್ಮ ಟಿಸಿಯಿಂದ, ಅಂದ್ರ ಟ್ರಾನ್ಸ್‌ಫಾರ್ಮರಿನಿಂದ, ಬೋರಿನ ತನಕ ದೂರ ಎಷ್ಟು?

ರೈತ: ಟಿಸಿ ರಸ್ತಾದ ಬಾಜೂಕ ಐತಿ, ಬೋರು ಹೊಲದ ಆ ತುದೀಗೆ. ಬೋರಿನಾಗ ಇಳಿಸಿದ್ದೂ ಹಿಡದ್ರ ಐನೂರ ಮೀಟರ್ ಆದೀತು. ಮೊದಲ ಬಾವಿ ಟಿಸಿ ಹತ್ರಾನ ಇತ್ತು. ಆಗ ಇದ ಮೋಟರು, ಇದ ತಾಮ್ರದ ತಂತಿ, ಏನೂ ತಕರಾರ ಇರಲಿಲ್ಲ. ಬಾವಿ ಬತ್ತಿತು, ಬೋರು ಹೊಡಿಸಿದೆ, ಅದ ಜಾತಿ ತಂತಿ ಮುಂದಕ್ಕ ಎಳಸಿದೆ.

ಮಾಸ್ತರ: ಎಷ್ಟರ ತಂತಿ?

ರೈತ: ಎರಡೂವರಿ ಎಂಎಂ.

ಮಾಸ್ತರ: ಹಂಗಾದ್ರ ಮೋಟರು ಯಾಕ ಸುಟ್ಟತು ಅನ್ನೂದರ ಅರ್ಧ ಉತ್ತರ ನೀವ ಹೇಳಿಬಿಟ್ಟ್ರಿ. ಮೋಟರು ಅದ, ತಾಮ್ರ ಅದ, ದಪ್ಪ ಅದ. ಬದಲಾಗಿದ್ದು ಉದ್ದ ಒಂದ.

ರೈತ: ಉದ್ದ ಆದ್ರ ಏನಾತ್ರಿ? ತಾಮ್ರ ತಾಮ್ರಾನ ಅಲ್ಲೇನು? ಹತ್ರ ಇದ್ದಾಗ ಕರೆಂಟ್ ಬಿಡೂದು ದೂರ ಆದಕೂಡ್ಲೆ ಬಿಡೂದಿಲ್ಲೇನು?

ಮಾಸ್ತರ: ಅಲ್ಲೇ ಎರಡು ಸಂಗತಿ ಕೂಡಿಕೊಂಡಾವ, ಅವನ್ನ ಬಿಡಿಸಿ ನೋಡಬೇಕು. ಒಂದು, ತಾಮ್ರ ಅನ್ನೂ ಲೋಹದ ಸ್ವಭಾವ. ಕರೆಂಟಿಗೆ ಅದು ಎಷ್ಟು ಅಡ್ಡ ಬರತೈತಿ ಅನ್ನೂದು ಅದರ ಹುಟ್ಟುಗುಣ. ಅದಕ್ಕ ನಮ್ಮ ಪಾಠದಾಗ ರೋಧಶೀಲತೆ ಅಂತೀವಿ. ಇನ್ನೊಂದು, ನಿಮ್ಮ ಹೊಲದಾಗ ಬಿದ್ದಿರೂ ಈ ಒಂದು ತಂತಿ ಒಟ್ಟ ಎಷ್ಟು ಅಡ್ಡ ಬರತೈತಿ ಅನ್ನೂದು. ಅದು ರೋಧ. ರೋಧಶೀಲತೆ ತಾಮ್ರಕ್ಕ ಸೇರಿದ್ದು, ರೋಧ ಆ ತಂತಿಗೆ ಸೇರಿದ್ದು. ಒಂದು ಗೇಣು ತಂತಿ ಕತ್ತರಿಸಿದ್ರೂ, ಹತ್ತು ಮೈಲಿ ತಂತಿ ಎಳದ್ರೂ ತಾಮ್ರದ ರೋಧಶೀಲತೆ ಅಷ್ಟ. ಆದ್ರ ರೋಧ ಮಾತ್ರ ಗೇಣಿಗೆ ಒಂದು, ಮೈಲಿಗೆ ಒಂದು.

ರೈತ: ಅಂದ್ರ ಉದ್ದ ಆದಷ್ಟೂ ರೋಧ ಹೆಚ್ಚು.

ಮಾಸ್ತರ: ಹೌದು, ಲೆಕ್ಕಪ್ರಕಾರ ಹೆಚ್ಚು. ಉದ್ದ ಎರಡು ಪಟ್ಟಾದ್ರ ರೋಧ ಎರಡು ಪಟ್ಟು, ಹತ್ತು ಪಟ್ಟಾದ್ರ ಹತ್ತು ಪಟ್ಟು. ದಪ್ಪದ್ದು ಇದಕ್ಕ ತಿರುಗಾ. ತಂತಿಯನ್ನ ಅಡ್ಡ ಕೊಯ್ದ್ರ ಕಾಣೂ ದುಂಡು ಮುಖ ಐತಲ್ಲ, ಅದರ ವಿಸ್ತೀರ್ಣ ಎರಡು ಪಟ್ಟಾದ್ರ ರೋಧ ಅರ್ಧ ಆಗತೈತಿ. ಮಕ್ಕಳಿಗೆ ಹತ್ತನೇ ಇಯತ್ತೆದಾಗ ಒಂದ ಸಾಲಿನಾಗ ಕಲಸ್ತೀವಿ: ರೋಧ ಅಂದ್ರ ರೋಧಶೀಲತೆ ಗುಣಿಸು ಉದ್ದ, ಭಾಗಿಸು ಅಡ್ಡಛೇದದ ವಿಸ್ತೀರ್ಣ.

ರೈತ: ಇದು ನಮ್ಮ ಪೈಪಿನಂಗ ಐತಿ ಬಿಡ್ರಿ. ದೂರದ ಹೊಲಕ್ಕ ಸಣ್ಣ ಪೈಪ್ ಹಾಕಿದ್ರ ಕೊನೀಗೆ ನೀರಿನ ಜೋರ ಇರೂದಿಲ್ಲ. ದಪ್ಪ ಪೈಪ್ ಹಾಕಬೇಕಾಗತೈತಿ.

ಮಾಸ್ತರ: ಸರಿಯಾಗಿ ಹಿಡದ್ರಿ. ಆದ್ರ ಪೈಪಿಗೂ ತಂತಿಗೂ ಒಂದು ಫರಕ್ ಐತಿ, ಅದನ್ನೂ ತಿಳಕೊಳ್ರಿ. ಪೈಪಿನಾಗ ನೀರು ಗ್ವಾಡೀಗೆ ತಿಕ್ಕಿಕೋತ ಹೋಗತೈತಿ. ಗ್ವಾಡಿ ಹತ್ರದ ನೀರು ಸಾವಕಾಶ, ನಡುವಿನ ನೀರು ಜೋರು. ಅದಕ್ಕ ಪೈಪಿನ ವ್ಯಾಸ ಎರಡು ಪಟ್ಟಾದ್ರ ನೀರು ನಾಲ್ಕು ಪಟ್ಟಿಗಿಂತ ಹೆಚ್ಚ ಬರತೈತಿ. ತಂತಿಯಾಗ ಎಲೆಕ್ಟ್ರಾನುಗಳಿಗೆ ತಡಿ ಬರೂದು ಗ್ವಾಡಿಯಿಂದ ಅಲ್ಲ. ಲೋಹದ ಒಳಗ ಕಂಪಿಸೂ ಪರಮಾಣುಗಳು, ಸೇರಿಕೊಂಡ ಕಸರು, ಇವು ದಾರಿಯುದ್ದಕ್ಕೂ ಅಡ್ಡ ಬರತಾವ. ನಡುವಿನಾಗೂ ಅಷ್ಟ, ಅಂಚಿನಾಗೂ ಅಷ್ಟ. ಅದಕ್ಕ ವ್ಯಾಸ ಎರಡು ಪಟ್ಟಾದ್ರ ವಿಸ್ತೀರ್ಣ ನಾಲ್ಕು ಪಟ್ಟು, ರೋಧ ಸರಿಯಾಗಿ ಕಾಲು ಭಾಗ. ತಂತಿಯ ಮೈಮ್ಯಾಲಿನ ಹರವು ಲೆಕ್ಕಕ್ಕ ಬರೂದಿಲ್ಲ, ಒಳಗಿನ ವಿಸ್ತೀರ್ಣಾನ ಬರತೈತಿ ಅಂತ 1821ರಾಗ ಇಂಗ್ಲೆಂಡಿನ ಹಂಫ್ರಿ ಡೇವಿ ಪ್ರಯೋಗ ಮಾಡಿ ತೋರಿಸಿದ.

ರೈತ: ಆ ಕಾಲಕ್ಕ ಇದೆಲ್ಲಾ ಅಳತಿ ಮಾಡಾಕ ಮೀಟರ್ ಇದ್ದವೇನು?

ಮಾಸ್ತರ: ಈಗಿನಂಥವು ಇರಲಿಲ್ಲ. ಅದಕ್ಕ ಆ ಕೆಲಸ ದೊಡ್ಡದು. ಜರ್ಮನಿಯ ಕಲೋನ್ ಊರಾಗ ಜಾರ್ಜ್ ಸೈಮನ್ ಓಮ್ ಅಂತ ಒಬ್ಬ ಸಾಲಿ ಮಾಸ್ತರ ಇದ್ದ. ಬ್ಯಾರೆ ಬ್ಯಾರೆ ಉದ್ದದ, ಬ್ಯಾರೆ ಬ್ಯಾರೆ ದಪ್ಪದ ತಂತಿ ಜೋಡಿಸಿ, ಸೂಜಿ ಎಷ್ಟು ವಾಲತೈತಿ ಅಂತ ಅಳದ. ಆಗಿನ ಬ್ಯಾಟರಿ ಒಂದ ಸಮ ಕರೆಂಟ್ ಕೊಡತಿರಲಿಲ್ಲ. ಅದಕ್ಕ ಎರಡು ಲೋಹ ಜೋಡಿಸಿ, ಒಂದು ಜೋಡಣಿ ಬಿಸಿ, ಇನ್ನೊಂದು ತಂಪು ಇಟ್ಟು, ಅದರಿಂದ ಸ್ಥಿರವಾದ ಕರೆಂಟ್ ತಗದ. 1827ರಾಗ ಅವನ ಪುಸ್ತಕ ಬಂತು. ಅವನ ದೇಶದಾಗ ಮೊದಲಿಗೆ ಅದಕ್ಕ ಹೆಚ್ಚ ಬೆಲಿ ಸಿಗಲಿಲ್ಲ, ಬ್ಯಾಸರ ಆಗಿ ಕೆಲಸಾನ ಬಿಟ್ಟ. ಲಂಡನ್ನಿನ ರಾಯಲ್ ಸೊಸೈಟಿ 1841ರಾಗ ಕೋಪ್ಲಿ ಪದಕ ಕೊಟ್ಟಿತು. ಇವತ್ತು ರೋಧ ಅಳಿಯೂ ಮಾನಕ್ಕ ಅವನ ಹೆಸರ ಐತಿ. ಒಬ್ಬ ಸಾಲಿ ಮಾಸ್ತರ ತಂತಿ ಅಳದು ಕಂಡುಹಿಡದ ನಿಯಮ ನಿಮ್ಮ ಹೊಲದ ಮೋಟರನ್ನ ಕಾಯತೈತಿ ಅನ್ನೂದು ನನಗ ಹೆಮ್ಮೀ ಮಾತು.

ರೈತ: ಹಂಗಾದ್ರ ನನ್ನ ತಂತೀ ಲೆಕ್ಕ ಹಾಕಿ ತೋರಸ್ರಿ.

ಮಾಸ್ತರ: ತಾಮ್ರಕ್ಕ ಕೆಲಸದ ಲೆಕ್ಕ ಹಿಂಗ: 1 ಮೀಟರ್ ಉದ್ದ, 1 ಚದರ ಮಿ.ಮೀ. ವಿಸ್ತೀರ್ಣದ ತಂತಿಗೆ ಸುಮಾರು 0.0175 ಓಮ್. ನಿಮ್ಮದು 500 ಮೀಟರ್, 2.5 ಚದರ ಮಿ.ಮೀ. 0.0175ನ್ನ 500ರಿಂದ ಗುಣಿಸಿ 2.5ರಿಂದ ಭಾಗಿಸ್ರಿ. ಮೂರೂವರೆ ಓಮ್ ಬರತೈತಿ. ಇದು ಮೂರು ಫೇಜಿನಾಗ ಒಂದೊಂದು ತಂತಿಗೂ.

ರೈತ: ಮೂರೂವರೆ ಅಂದ್ರ ಸಣ್ಣ ಸಂಖ್ಯೆ ಅಲ್ಲೇನ್ರಿ?

ಮಾಸ್ತರ: ಸಂಖ್ಯೆ ಸಣ್ಣದು, ಅದು ಮಾಡೂ ಹಾನಿ ದೊಡ್ಡದು. ಏಳೂವರೆ ಎಚ್‌ಪಿ ಮೋಟರು ಪೂರ್ತಿ ಭಾರದಾಗ ಸುಮಾರು 12 ಆಂಪಿಯರ್ ಎಳೀತೈತಿ. ತ್ರೀ ಫೇಜ್ ಮೋಟರಿಗೆ ನಾನು ಒಂದು ಸರಳ ಲೆಕ್ಕ ಹೇಳ್ತೀನಿ, ನೆನಪಿಟ್ಟಕೊಳ್ರಿ. ಆಂಪಿಯರನ್ನ ಮೀಟರಿನಿಂದ ಗುಣಿಸ್ರಿ, ತಂತಿಯ ಚದರ ಮಿ.ಮೀ.ದಿಂದ ಭಾಗಿಸ್ರಿ, ಮತ್ತ 40ರಿಂದ ಭಾಗಿಸ್ರಿ. ತಾಮ್ರದ ತಂತಿಯಾಗ ಎಷ್ಟು ವೋಲ್ಟ್ ಕಳೀತೈತಿ ಅನ್ನೂದು ಹೆಚ್ಚೂಕಡಿಮಿ ಸಿಗತೈತಿ. ನಿಮ್ಮದಕ್ಕ 12 ಗುಣಿಸು 500 ಅಂದ್ರ 6000. 2.5ರಿಂದ ಭಾಗಿಸಿದ್ರ 2400. 40ರಿಂದ ಭಾಗಿಸಿದ್ರ 60.

ರೈತ: ಅರವತ್ತ ವೋಲ್ಟ್ ದಾರ್ಯಾಗ ಹೋತು?

ಮಾಸ್ತರ: ಹೋತು. ಟಿಸಿ ಹತ್ರ 415 ವೋಲ್ಟ್ ಇದ್ದ್ರ ಮೋಟರಿನ ಹತ್ರ 355. ಅದೂ ಟಿಸಿ ಹತ್ರ ಪೂರಾ 415 ಇದ್ದಾಗಿನ ಮಾತು. ಮೋಟರಿನ ತಿರುಗೂ ಬಲ ವೋಲ್ಟೇಜಿನ ವರ್ಗಕ್ಕ ತಕ್ಕಂಗ ಇರತೈತಿ. ವೋಲ್ಟೇಜ್ ಏಳರಾಗ ಒಂದು ಪಾಲು ಕಡಿಮಿ ಆದ್ರ ಬಲ ಕಾಲು ಭಾಗಕ್ಕಿಂತ ಹೆಚ್ಚ ಕಡಿಮಿ ಆಗತೈತಿ. ಆದ್ರ ಮ್ಯಾಲೆ ಎತ್ತೂ ನೀರಿನ ಭಾರ ಕಡಿಮಿ ಆಗೂದಿಲ್ಲ. ಆ ಭಾರ ಎಳಿಯಾಕ ಮೋಟರು ಇನ್ನೂ ಹೆಚ್ಚ ಕರೆಂಟ್ ಎಳೀತೈತಿ. ಹೆಚ್ಚ ಕರೆಂಟ್ ಎಳದ್ರ ತಂತಿಯಾಗ ಇನ್ನೂ ಹೆಚ್ಚ ವೋಲ್ಟ್ ಕಳೀತೈತಿ. ಈ ಸುಳಿಯಾಗ ಸಿಕ್ಕ ಮೋಟರು ಒಳಗ ಕಾಯತೈತಿ, ಕಾಯಿಲಿನ ತಂತಿ ಮ್ಯಾಲಿನ ಹೊದಿಕಿ ಸುಟ್ಟ ಹೋಗತೈತಿ, ಒಂದು ಸುತ್ತು ಇನ್ನೊಂದಕ್ಕ ಹತ್ತತೈತಿ. ಅಂಗಡಿಯವರು ಬಿಚ್ಚಿ ನೋಡಿದಾಗ ಕರ್ರಗ ಆಗಿರತೈತಿ.

ರೈತ: ಅಲ್ಲ, ಆ ಅರವತ್ತ ವೋಲ್ಟ್ ಎಲ್ಲಿ ಹೋತ್ರಿ?

ಮಾಸ್ತರ: ಶಾಖ ಆಗಿ ನಿಮ್ಮ ಹೊಲದ ಮಣ್ಣಿಗೆ ಹೋತು. ತಂತಿಯಾಗ ಹುಟ್ಟೂ ಶಾಖ ಅಂದ್ರ ಕರೆಂಟಿನ ವರ್ಗ ಗುಣಿಸು ರೋಧ. 12ರ ವರ್ಗ 144, ಅದಕ್ಕ ಮೂರೂವರೆ, ಮೂರು ತಂತಿ. ಸುಮಾರು 1500 ವ್ಯಾಟ್. ಒಂದು ಎಚ್‌ಪಿ ಅಂದ್ರ 746 ವ್ಯಾಟ್. ಎರಡು ಎಚ್‌ಪಿಯಷ್ಟು ಶಕ್ತಿ ತಂತಿ ಕಾಯಿಸಾಕ ಹೋಗತೈತಿ. ಆರು ತಾಸು ಕರೆಂಟ್ ಇದ್ದ್ರ ಒಂಬತ್ತು ಯುನಿಟ್.

ರೈತ: ಹತ್ತ ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಬಿಲ್ ಇಲ್ಲಲ್ರಿ. ಅದರ ಖರ್ಚ ನಮಗೇನು?

ಮಾಸ್ತರ: ಬಿಲ್ ನಿಮ್ಮ ಮನಿಗೆ ಬರೂದಿಲ್ಲ, ಖರೆ. ಆ ರೊಕ್ಕ ಸರ್ಕಾರದ ಖಜಾನೆಯಿಂದ ಹೋಗತೈತಿ, ಅಂದ್ರ ನಮ್ಮೆಲ್ಲರ ಕಿಸೆಯಿಂದ. ಅದಿರಲಿ. ರೀವೈಂಡಿಂಗ್ ಖರ್ಚು ಯಾರದು? ಬೋರಿನಿಂದ ಪೈಪು ಮ್ಯಾಲೆತ್ತೂ ಕೂಲಿ ಯಾರದು? ಆ ವಾರ ನೀರಿಲ್ಲದ ಒಣಗಿದ ಗೊಂಜಾಳ, ಅರಿಷಿಣ ಯಾರದು? ತಂತಿ ತಿನ್ನೂ ಕರೆಂಟಿಗೆ ಬಿಲ್ ಇಲ್ಲಂದ್ರೂ ಅದು ಸುಡೂ ಮೋಟರಿನ ಖರ್ಚು ರೈತನ ತಲಿ ಮ್ಯಾಲಾನ ಬರತೈತಿ.

ರೈತ: ಅದು ಖರೆ. ಹಂಗಾದ್ರ ಎಷ್ಟರ ತಂತಿ ಹಾಕಬೇಕಾಗಿತ್ತು?

ಮಾಸ್ತರ: ಅದ 40ರ ಲೆಕ್ಕ ಹಾಕ್ರಿ. 4 ಚದರಕ್ಕ ಸುಮಾರು 38 ವೋಲ್ಟ್ ಕಳೀತೈತಿ. 6 ಚದರಕ್ಕ 25. 10 ಚದರಕ್ಕ 15. ದೂರದ ಮೋಟರಿಗೆ ತಂತಿಯಾಗ ಕಳಿಯೂದು ನೂರಕ್ಕ ನಾಲ್ಕೈದರ ಒಳಗ ಇರಲಿ ಅಂತ ನಾನು ಹೇಳ್ತೀನಿ. 415ಕ್ಕ ಅದು ಇಪ್ಪತ್ತು ವೋಲ್ಟಿನ ಸುತ್ತಮುತ್ತ. ನಿಮಗ 10 ಚದರದ ತಾಮ್ರಾನ ಸರಿ.

ರೈತ: ಹತ್ತ ಎಂಎಂ! ಬೆರಳ ದಪ್ಪ ಆತಲ್ರಿ ಅದು. ಹೊಲದಾಗ ಯಾರ ಹಾಕತಾರ?

ಮಾಸ್ತರ: ಅಂಗಡ್ಯಾಗ ಎಂಎಂ ಅಂತ ಹೇಳೂದು ತಂತಿಯ ಅಗಲ ಅಲ್ಲ ಕಾಕಾ, ಒಳಗಿನ ತಾಮ್ರದ ಚದರ ಮಿಲಿಮೀಟರ್. ಎರಡೂವರೆ ಚದರದ ತಾಮ್ರವನ್ನ ಒಂದ ದುಂಡು ಎಳಿ ಮಾಡಿದ್ರ ಅದರ ವ್ಯಾಸ 1.8 ಮಿ.ಮೀ. ಹತ್ತು ಚದರದ್ದು 3.6 ಮಿ.ಮೀ. ವ್ಯಾಸ ಎರಡು ಪಟ್ಟ ಅಷ್ಟ, ತಾಮ್ರ ನಾಲ್ಕು ಪಟ್ಟು, ರೋಧ ಕಾಲು ಭಾಗ. ಕಣ್ಣಿಗೆ ಸಣ್ಣ ಫರಕ್ ಕಾಣತೈತಿ, ಮೋಟರಿಗೆ ಅದು ದೊಡ್ಡದು.

ರೈತ: ತಾಮ್ರ ನಾಲ್ಕು ಪಟ್ಟಂದ್ರ ರೊಕ್ಕಾನೂ ನಾಲ್ಕು ಪಟ್ಟು. ಅಷ್ಟ ಬಲ ನಮ್ಮ ಹತ್ರ ಇಲ್ಲ.

ಮಾಸ್ತರ: ಅದಕ್ಕ ಅಲ್ಯೂಮಿನಿಯಂ ಐತಿ. ಅದರ ರೋಧಶೀಲತೆ ತಾಮ್ರದ ಸುಮಾರು 1.6 ಪಟ್ಟು. ಹಂಗಂದ ಮ್ಯಾಲ 10 ಚದರದ ಅಲ್ಯೂಮಿನಿಯಂ 6 ಚದರದ ತಾಮ್ರಕ್ಕ ಸಮ. 16 ಚದರದ ಅಲ್ಯೂಮಿನಿಯಂ 10 ಚದರದ ತಾಮ್ರಕ್ಕ ಸಮ. ತೂಕ ನೋಡಿದ್ರ ತಾಮ್ರದ್ದು ನೀರಿನ ಒಂಬತ್ತು ಪಟ್ಟಿನ ಹತ್ರ, ಅಲ್ಯೂಮಿನಿಯಮ್ಮಿನದು ಮೂರು ಪಟ್ಟಿಗಿಂತ ಕಡಿಮಿ. ಅದಕ್ಕ ಅಷ್ಟ ರೋಧಕ್ಕ ಅಲ್ಯೂಮಿನಿಯಂ ತಂತಿ ದಪ್ಪ ಇದ್ದರೂ ತೂಕ ಅರ್ಧ. ನಿಮ್ಮ ಹೊಲದ ಮ್ಯಾಲ ಹಾದ ಲೈನ್ ಎಲ್ಲಾ ಅದರದ.

ರೈತ: ಲೈನ್‌ಮನ್‌ಗಳು ರ‍್ಯಾಬಿಟ್ಟು, ವೀಸಲ್ಲು ಅಂತಿರತಾರ. ಪ್ರಾಣಿ ಹೆಸರ ಯಾಕ ಇಟ್ಟಾರೋ!

ಮಾಸ್ತರ: ಅವು ತಂತಿಯ ಅಳತಿ ಹೆಸರು. ನಡುವ ಉಕ್ಕಿನ ಎಳಿ, ಸುತ್ತ ಅಲ್ಯೂಮಿನಿಯಂ ಎಳಿ. ಉಕ್ಕು ಎಳತ ತಡೀಯಾಕ, ಅಲ್ಯೂಮಿನಿಯಂ ಕರೆಂಟ್ ಒಯ್ಯಾಕ. ಸ್ಕ್ವಿರಲ್ ಅಂದ್ರ ಸುಮಾರು 20 ಚದರ ಮಿ.ಮೀ. ಅಲ್ಯೂಮಿನಿಯಂ, ವೀಸಲ್ 30, ರ‍್ಯಾಬಿಟ್ 50, ಡಾಗ್ 100. ಪ್ರಾಣಿ ದೊಡ್ಡದಾದಂಗ ತಂತಿ ದಪ್ಪ, ರೋಧ ಕಡಿಮಿ. ಒಂದು ಕಿಲೋಮೀಟರ್ ರ‍್ಯಾಬಿಟ್ಟಿನ ರೋಧ ಅರ್ಧ ಓಮ್‌ನ ಆಸುಪಾಸು. ನಿಮ್ಮ ಅರ್ಧ ಕಿಲೋಮೀಟರ್ ತಾಮ್ರದ್ದು ಮೂರೂವರೆ. ಲೋಹ ಎಷ್ಟ ಒಳ್ಳೇದಾದ್ರೂ ದಪ್ಪ ಸಾಲದಿದ್ದ್ರ ಸೋಲತೈತಿ ಅನ್ನಾಕ ಇದಕ್ಕಿಂತ ಬ್ಯಾರೆ ಸಾಕ್ಷಿ ಬೇಕಿಲ್ಲ.

ರೈತ: ಮಾಸ್ತರ್ರ, ತಂತಿ ಬದಲಿಸೂದು ಬಿಟ್ಟು ಬ್ಯಾರೆ ದಾರಿ ಇಲ್ಲೇನು?

ಮಾಸ್ತರ: ಐತಿ. ಸೂತ್ರದಾಗ ಉದ್ದಾನೂ ಐತಲ್ಲ. ವಿಸ್ತೀರ್ಣ ಎರಡು ಪಟ್ಟು ಮಾಡಿದ್ರೂ ಅಷ್ಟ, ಉದ್ದ ಅರ್ಧ ಮಾಡಿದ್ರೂ ಅಷ್ಟ. ಟಿಸಿ ಮೋಟರಿನ ಹತ್ರ ಬಂದ್ರ 415 ವೋಲ್ಟಿನ ತಂತಿ ಗಿಡ್ಡ ಆಗತೈತಿ. ಟಿಸಿ ತನಕ ಬರೂದು 11,000 ವೋಲ್ಟಿನ ಲೈನ್. ಅಷ್ಟ ಶಕ್ತಿ ಒಯ್ಯಾಕ ಅಲ್ಲಿ ಕರೆಂಟ್ ಇಪ್ಪತ್ತಾರು ಪಟ್ಟು ಕಡಿಮಿ ಸಾಕು. ಶಾಖ ಕರೆಂಟಿನ ವರ್ಗಕ್ಕ ತಕ್ಕಂಗ ಹುಟ್ಟೂದರಿಂದ, ಅದ ತಂತಿಯಾಗ ನಷ್ಟ ಸುಮಾರು 700 ಪಟ್ಟು ಕಡಿಮಿ. ಅದಕ್ಕ ಒಂದು ದೊಡ್ಡ ಟಿಸಿ ಇಟ್ಟು ಉದ್ದುದ್ದ ತಂತಿ ಎಳಿಯೂದರ ಬದಲಿ, ಸಣ್ಣ ಸಣ್ಣ ಟಿಸಿ ಹೊಲದ ಹತ್ರಾನ ಕೂಡಿಸೂ ಪದ್ಧತಿ ಬಂದೈತಿ.

ರೈತ: ಸಣ್ಣ ಟಿಸಿ ಅಂದ್ರ ಇಪ್ಪತ್ತೈದ ಕೆವಿಎ. ಅದಕ್ಕೂ ನಾಕ ಮಂದಿ ಜೋತುಬೀಳತಾರ.

ಮಾಸ್ತರ: ಬೀಳಬಾರದು. 25 ಕೆವಿಎ ಟಿಸಿಗೆ ಒಂದು ಫೇಜಿನಾಗ 33 ಆಂಪಿಯರ್ ಮಿತಿ. ಏಳೂವರೆ ಎಚ್‌ಪಿಯ ಮೂರು ಮೋಟರು ಒಮ್ಮೆಲೆ ನಡದ್ರ 36 ಆಂಪಿಯರ್. ಟಿಸಿಯ ಒಳಗೂ ತಂತಿ ಸುತ್ತೇ ಇಟ್ಟಿರತಾರ, ಅದಕ್ಕೂ ಉದ್ದ ಐತಿ, ದಪ್ಪ ಐತಿ, ರೋಧ ಐತಿ. ಮಿತಿ ಮೀರಿದ್ರ ಅದೂ ಕಾಯತೈತಿ, ಸುಡತೈತಿ. ಒಬ್ಬರ ತಪ್ಪಿಗೆ ನಾಲ್ಕು ಹೊಲ ಒಣಗತಾವ.

ರೈತ: ಒಂದ ಮಾತ ಕೇಳ್ತೀನಿ. ದೂರಕ್ಕ ಕರೆಂಟ್ ಒಯ್ಯೂದು ಇಷ್ಟ ಕಠಿಣ ಇದ್ದ್ರ ಹಳ್ಳಿ ಹಳ್ಳಿಗೆ ಹೆಂಗ ತಂದ್ರು?

ಮಾಸ್ತರ: ನಮ್ಮ ಸೀಮ್ಯಾಗ ಅದಕ್ಕ ಒಳ್ಳೇ ಇತಿಹಾಸ ಐತಿ. ಗೋಕಾಕ ಫಾಲ್ಸ್ ನೋಡ್ರಿ. ಘಟಪ್ರಭಾ 52 ಮೀಟರ್ ಕೆಳಗ ಧುಮುಕತೈತಿ. ಹತ್ತೊಂಬತ್ತನೇ ಶತಮಾನದ ಕೊನೀಗೆ ನೂಲಿನ ಗಿರಣಿ ಕಟ್ಟಿದವರು ಅದನ್ನ ಧಬಧಬಿಯ ದಂಡೀ ಮ್ಯಾಲಾನ ಕಟ್ಟಿದ್ರು. ಯಾಕಂದ್ರ ಬೀಳೂ ನೀರಿನ ಶಕ್ತಿಯನ್ನ ದೂರದ ಊರಿಗೆ ಒಯ್ಯೂ ದಾರಿ ಆಗ ಇರಲಿಲ್ಲ. ಶಕ್ತಿ ಇದ್ದಲ್ಲಿಗೆ ಗಿರಣಿ ಹೋಗಬೇಕಾತು. 1902ರಾಗ ಮೈಸೂರು ಸಂಸ್ಥಾನದಾಗ ಅದು ಬದಲಾತು. ಶಿವನಸಮುದ್ರದಾಗ ಹುಟ್ಟಿದ ವಿದ್ಯುತ್ತನ್ನ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಮ್ಯಾಲ ಒಯ್ದ್ರು. ಅಷ್ಟ ಉದ್ದದ ತಂತಿಯ ರೋಧ ಕಡಿಮಿ ಮಾಡಾಕ ತೊಲಿಯಂಥ ದಪ್ಪ ಬೇಕಾಗತಿತ್ತು. ಅವರು ವೋಲ್ಟೇಜನ್ನ 30,000ದ ಮ್ಯಾಲಕ್ಕ ಏರಿಸಿ, ಕರೆಂಟ್ ಕಡಿಮಿ ಮಾಡಿ, ನಷ್ಟ ತಡದ್ರು.

ರೈತ: ನಿಮ್ಮ ಹುಕ್ಕೇರ್ಯಾಗ ಕರೆಂಟಿನ ಸೊಸೈಟಿ ಐತಂತ ಕೇಳೇನಿ. ನಮಗ ಹೆಸ್ಕಾಂ ಕಂಪನಿ, ನಿಮಗ ಸೊಸೈಟಿ.

ಮಾಸ್ತರ: ಹೌದು, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. 1969ರ ಹೊತ್ತಿಗೆ ದೇಶದಾಗ ಪ್ರಯೋಗ ಅಂತ ಐದು ಕಡೆ ಇಂಥ ಸಂಘ ಹುಟ್ಟಿದವು. ಆಗ ಆಂಧ್ರದಾಗಿದ್ದ ಸಿರಿಸಿಲ್ಲಾ, ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಮತ್ತ ನಮ್ಮ ಹುಕ್ಕೇರಿ. ಆಗಿನ್ನೂ ನಮ್ಮ ರಾಜ್ಯದ ಹೆಸರು ಮೈಸೂರು. ಹಳ್ಳಿಯ ಗ್ರಾಹಕರೇ ಸಂಘದ ಸದಸ್ಯರು. ಕರ್ನಾಟಕದಾಗ ಹಿಂಗ ಸಹಕಾರಿ ಸಂಘವೇ ಕರೆಂಟ್ ಹಂಚೂದು ಹುಕ್ಕೇರಿಯಾಗ ಮಾತ್ರ. ಹಳ್ಳಿಗೆ ಕರೆಂಟ್ ಕೊಡೂದರ ಕಷ್ಟ ಏನಂದ್ರ ಉದ್ದ. ಪ್ಯಾಟ್ಯಾಗ ಒಂದು ಕಂಬದಿಂದ ಹತ್ತು ಮನಿಗೆ ತಂತಿ ಹೋಗತೈತಿ, ಹೊಲದಾಗ ಹತ್ತು ಕಂಬ ದಾಟಿ ಒಂದು ಬಾವಿಗೆ ಹೋಗತೈತಿ. ಮಾರಿದ ಒಂದೊಂದು ಯುನಿಟ್ಟಿನ ಹಿಂದೆ ಹೆಚ್ಚ ತಂತಿ, ಹೆಚ್ಚ ರೋಧ, ಹೆಚ್ಚ ನಷ್ಟ. ಸಂಘ ನಡಸಲಿ, ಕಂಪನಿ ನಡಸಲಿ, ಈ ಲೆಕ್ಕ ಯಾರನ್ನೂ ಬಿಡೂದಿಲ್ಲ.

ರೈತ: ತಾಮ್ರದ ಹುಟ್ಟುಗುಣ ಬದಲಾಗೂದಿಲ್ಲ ಅಂದ್ರಿ. ಯಾವಾಗಲೂ ಆಗೂದಿಲ್ಲೇನು?

ಮಾಸ್ತರ: ಒಳ್ಳೇ ಪ್ರಶ್ನೆ. ಉದ್ದ ದಪ್ಪ ಬದಲಾದ್ರ ಆಗೂದಿಲ್ಲ. ಎರಡು ಕಾರಣಕ್ಕ ಆಗತೈತಿ. ಒಂದು, ಬಿಸಿ. ತಾಮ್ರ ಕಾದಂಗ ಪರಮಾಣುಗಳ ಕಂಪನ ಹೆಚ್ಚತೈತಿ, ಎಲೆಕ್ಟ್ರಾನಿಗೆ ತಡಿ ಹೆಚ್ಚತೈತಿ. ಒಂದು ಡಿಗ್ರಿಗೆ ನೂರಕ್ಕ 0.39ರಷ್ಟು. 20 ಡಿಗ್ರಿಯಿಂದ 70 ಡಿಗ್ರಿಗೆ ಏರಿದ್ರ ರೋಧ ಸುಮಾರು ನೂರಕ್ಕ 20 ಹೆಚ್ಚ. ಬ್ಯಾಸಗಿ ಬಿಸಿಲಾಗ, ಸುತ್ತಿ ಗುಂಪಿ ಹಾಕಿದ ಕೇಬಲ್ಲು ಇದಕ್ಕ ಬಲಿ ಆಗತೈತಿ. ಉಳದ ಕೇಬಲ್ಲನ್ನ ಸುರುಳಿ ಮಾಡಿ ಸ್ಟಾರ್ಟರ್ ಕೆಳಗ ಇಡಬ್ಯಾಡ್ರಿ, ಹೆಚ್ಚಿದ್ದನ್ನ ಕತ್ತರಿಸಿಬಿಡ್ರಿ. ಉದ್ದಾನೂ ಕಡಿಮಿ ಆಗತೈತಿ, ಕಾಯೂದೂ ನಿಲ್ಲತೈತಿ.

ರೈತ: ಇನ್ನೊಂದು ಕಾರಣ?

ಮಾಸ್ತರ: ಕಲಬೆರಕೆ. ತಾಮ್ರದಾಗ ಬ್ಯಾರೆ ಲೋಹ ಸೇರಿದ್ರ ರೋಧಶೀಲತೆ ಏರತೈತಿ. ಬೇಕಂತ್ಲೇ ಬೆರಸಿದ್ದಕ್ಕ ಉದಾಹರಣೆ ನಮ್ಮ ಕಾಯಿಲ್ ಒಲಿಯ ನೈಕ್ರೋಮ್. ನಿಕಲ್ಲು, ಕ್ರೋಮಿಯಂ ಕೂಡಿಸಿದ ಆ ತಂತಿಯ ರೋಧಶೀಲತೆ ತಾಮ್ರದ ಅರವತ್ತು ಪಟ್ಟಿನ ಆಸುಪಾಸು. ಅಲ್ಲಿ ನಮಗ ಶಾಖಾನ ಬೇಕು. ಆದ್ರ ಹೊಲಕ್ಕ ಎಳಿಯೂ ತಂತಿಯಾಗ ಕಲಬೆರಕೆ ಮೋಸ. ಅಲ್ಯೂಮಿನಿಯಂ ಮ್ಯಾಲ ತೆಳುವಾಗಿ ತಾಮ್ರ ಹಚ್ಚಿ ತಾಮ್ರ ಅಂತ ಮಾರೂದೂ ಐತಿ. ಮೈಗೆ ಕೆಂಪು, ಕೊಯ್ದ ತುದಿ ಬಿಳೀ. ತೂಕಾನೂ ಹಗುರ. ಚಾಕುವಿನಿಂದ ಕೆರದು ನೋಡ್ರಿ, ಐಎಸ್‌ಐ ಗುರುತು ನೋಡ್ರಿ.

ರೈತ: ಕಾಯಿಲ್ ಒಲಿ ಅಂದ್ರಿ, ನೆನಪಾತು. ನಮ್ಮ ಮನ್ಯಾಗ ಕಾಯಿಲ್ ಹರದ್ರ ತುದಿ ತಿರುವಿ ಜೋಡಸ್ತಾರ. ಅದು ಮೊದಲಿಗಿಂತ ಕೆಂಪಗ ಕಾಯತೈತಿ, ಎಂಟ ದಿನಕ್ಕ ಮತ್ತ ಹರೀತೈತಿ.

ಮಾಸ್ತರ: ಇದ ಸೂತ್ರಾನ ಅಲ್ಲೂ ಐತಿ. ಹರದ ತುಂಡು ಬಿಟ್ಟು ಜೋಡಿಸಿದ್ರ ಉದ್ದ ಕಡಿಮಿ ಆತು, ರೋಧ ಕಡಿಮಿ ಆತು. 230 ವೋಲ್ಟ್ ಅಷ್ಟ ಇರೂದರಿಂದ ಕರೆಂಟ್ ಹೆಚ್ಚ ಹರೀತೈತಿ, ಕಾಯಿಲ್ ತನ್ನ ಮಿತಿ ಮೀರಿ ಕಾಯತೈತಿ. ಕೂಡಿಸಿದ ಗಂಟಿನಾಗ ಬ್ಯಾರೆ ರೋಧ ಹುಟ್ಟತೈತಿ. ಹೊಲದಾಗೂ ಹಂಗ. ತಾಮ್ರಕ್ಕೂ ಅಲ್ಯೂಮಿನಿಯಮ್ಮಿಗೂ ಬರೇ ಕೈಯಿಂದ ತಿರುವಿ ಗಂಟು ಹಾಕಿದ್ರ, ಮಳಿ ನೀರು ಬಿದ್ದ ಮ್ಯಾಲ ಅಲ್ಲಿ ಕಿಲುಬು ಹಿಡೀತೈತಿ. ಅಲ್ಯೂಮಿನಿಯಂ ಮ್ಯಾಲ ಕೂಡೂ ಆ ಪದರು ಕರೆಂಟ್ ಬಿಡೂದಿಲ್ಲ. ತಂತಿ ಎಷ್ಟ ದಪ್ಪ ಇದ್ದ್ರೂ ಗಂಟಿನಾಗ ಲೋಹಕ್ಕ ಲೋಹ ಮುಟ್ಟಿದ ಜಾಗ ಸೂಜಿ ಮೊನಿಯಷ್ಟ ಆದ್ರ ಅಲ್ಲೇ ಕಿಡಿ ಹಾರತೈತಿ. ಎರಡೂ ಲೋಹಕ್ಕ ಹೊಂದೂ ಲಗ್ ಹಾಕಿ ಒತ್ತಿಸಬೇಕು.

ರೈತ: ಈಗ ಒಳಗ ಇವರು ರೀವೈಂಡಿಂಗ್ ಮಾಡಾಕಹತ್ಯಾರ. ಅಲ್ಲೂ ಏನರ ನೋಡಬೇಕೇನು?

ಮಾಸ್ತರ: ಖಂಡಿತ ನೋಡಬೇಕು. ಮೋಟರಿನ ಕಾಯಿಲ್ ಅಂದ್ರ ಏನು? ಅದೂ ಒಂದು ಉದ್ದನ ತಾಮ್ರದ ತಂತಿ. ಕಂಪನಿಯವರು ಎಷ್ಟು ಸುತ್ತು, ಯಾವ ಗೇಜು ಅಂತ ಲೆಕ್ಕ ಹಾಕಿ ಸುತ್ತಿರತಾರ. ಗೇಜಿನ ಅಂಕಿ ದೊಡ್ಡದಾದ್ರ ತಂತಿ ಸಣ್ಣದು. ರೊಕ್ಕ ಉಳಿಸಾಕ ಒಂದು ಗೇಜು ಸಣ್ಣ ತಂತಿ ಸುತ್ತಿದ್ರ ಕಾಯಿಲಿನ ರೋಧ ಹೆಚ್ಚ ಆಗತೈತಿ, ಮೋಟರು ಮೊದಲಿಗಿಂತ ಹೆಚ್ಚ ಕಾಯತೈತಿ. ಬಿಚ್ಚಿದ ಹಳೇ ತಂತಿಯ ಗೇಜು ಎಷ್ಟಿತ್ತು, ಹೊಸದು ಎಷ್ಟೈತಿ ಅಂತ ಕೇಳ್ರಿ. ಒಳ್ಳೇ ಕುಶಲಕರ್ಮಿ ತಾನಾಗೇ ಅಳದು ತೋರಿಸ್ತಾನ. ಆಮ್ಯಾಲ ಮೂರು ಫೇಜಿನ ಕಾಯಿಲ್ ರೋಧ ಮೀಟರ್ ಹಚ್ಚಿ ನೋಡಿದ್ರ ಮೂರೂ ಒಂದ ಸಮ ಬರಬೇಕು. ಒಂದು ಕಡಿಮಿ ಬಂದ್ರ ಅಲ್ಲಿ ಸುತ್ತು ಕಡಿಮಿ ಆಗೈತಿ ಅಥವಾ ಒಂದಕ್ಕೊಂದು ಹತ್ತೈತಿ.

ರೈತ: ಮಾಸ್ತರ್ರ, ಒಂದು ಅನುಮಾನ. ಇರೂ ತಂತಿ ಬಿಸಾಕೂದು ಬ್ಯಾಡ, ಅದರ ಬಾಜೂಕ ಅಂಥದ ಇನ್ನೊಂದು ತಂತಿ ಎಳದು ಎರಡೂ ತುದಿ ಕೂಡಿಸಿದ್ರ?

ಮಾಸ್ತರ: ತತ್ವ ಸರಿ ಐತಿ. ಎರಡು ಸೇರಿ 5 ಚದರ ಆತು, ರೋಧ ಅರ್ಧ ಆತು, 60 ಇದ್ದದ್ದು 30 ವೋಲ್ಟಿಗೆ ಇಳೀತು. ಆದ್ರ ಎರಡರ ಉದ್ದ ಒಂದ ಇರಬೇಕು, ಗಂಟು ಗಟ್ಟಿ ಇರಬೇಕು. ಒಂದರ ಗಂಟು ಬಿಚ್ಚಿದ್ರ ಪೂರಾ ಭಾರ ಇನ್ನೊಂದರ ಮ್ಯಾಲ ಬೀಳತೈತಿ, ಅದು ನಿಮಗ ಗೊತ್ತೂ ಆಗೂದಿಲ್ಲ. ನಿಮ್ಮ ದೂರಕ್ಕ ನಾನಂತೂ ಒಂದ ಕೇಬಲ್, 16 ಚದರದ ಅಲ್ಯೂಮಿನಿಯಂ, ಸ್ಟಾರ್ಟರ್ ತನಕ ಹಾಕ್ರಿ ಅಂತೀನಿ. ಸ್ಟಾರ್ಟರಿನಿಂದ ಬೋರಿನ ಒಳಗ ಅದಕ್ಕ ಸಮನಾದ 10 ಚದರದ ತಾಮ್ರದ ಫ್ಲ್ಯಾಟ್ ಕೇಬಲ್ ಇರಲಿ. ಅಲ್ಯೂಮಿನಿಯಂ ಲೆಕ್ಕಕ್ಕ 40ರ ಬದಲಿ 25ರಿಂದ ಭಾಗಿಸ್ರಿ. 12 ಗುಣಿಸು 500, ಭಾಗಿಸು 16, ಭಾಗಿಸು 25. 15 ವೋಲ್ಟ್.

ರೈತ: 60 ಇದ್ದದ್ದು 15ಕ್ಕ ಇಳೀತು.

ಮಾಸ್ತರ: ಇಳೀತು. ಮೋಟರಿಗೆ 400 ವೋಲ್ಟ್ ಸಿಕ್ಕತು. ಇನ್ನ ನಾಳೆ ಹೊಲಕ್ಕ ಹೋಗಿ ಮೊದಲ ಹೆಜ್ಜೀಲೆ ದೂರ ಅಳೀರಿ, ಬೋರಿನ ಆಳಾನೂ ಕೂಡಿಸ್ರಿ. ಮೋಟರಿನ ನಾಮಫಲಕದ ಮ್ಯಾಲ ಆಂಪಿಯರ್ ಎಷ್ಟ ಬರದಾರ ಓದ್ರಿ. ಕೂತು ಲೆಕ್ಕ ಹಾಕಿ, ಎಷ್ಟು ಚದರ ಬೇಕು ಅಂತ ಬರಕೊಂಡು ಅಂಗಡಿಗೆ ಹೋಗ್ರಿ. ಮೋಟರು ನಡಿಯೂವಾಗ ಸ್ಟಾರ್ಟರ್ ಹತ್ರ ವೋಲ್ಟ್ ಅಳಸ್ರಿ, ಮೋಟರು ನಿಂತಾಗ ಬರೂ ವೋಲ್ಟ್ ನಂಬಬ್ಯಾಡ್ರಿ. ಕರೆಂಟ್ ಹರೀದಿದ್ದ್ರ ತಂತಿಯಾಗ ಏನೂ ಕಳಿಯೂದಿಲ್ಲ, ಮೀಟರ್ ಪೂರಾ 415 ತೋರಿಸಿ ನಿಮ್ಮನ್ನ ಮೋಸ ಮಾಡತೈತಿ. ಮತ್ತ ಟಿಸಿ ಹತ್ರ, ಕಂಬದ ಹತ್ರ ನೀವಾಗೇ ಕೈ ಹಾಕಬ್ಯಾಡ್ರಿ, ಲೈನ್‌ಮನ್ ಕರೀರಿ.

ರೈತ: ಇಷ್ಟ ಲೆಕ್ಕ ಬಾವಿ ಬತ್ತಿದಾಗ ಯಾರರ ಹೇಳಿದ್ದ್ರ ಎರಡ ಸಲದ ರೀವೈಂಡಿಂಗ್ ರೊಕ್ಕ ಉಳೀತಿತ್ತು.

ಮಾಸ್ತರ: ನಿಮ್ಮ ಊರಾಗ ಬೋರು ಹೊಡಸೂ ಮಂದಿ ಇನ್ನೂ ಅದಾರ ಕಾಕಾ, ಅವರಿಗೆ ನೀವು ಹೇಳ್ರಿ. ಹತ್ತನೇ ಇಯತ್ತೆ ಓದೂ ಮಕ್ಕಳು ಪ್ರತಿ ಮನ್ಯಾಗ ಅದಾರ, ಈ ಸೂತ್ರ ಅವರ ಪುಸ್ತಕದಾಗ ಐತಿ. ತಂತಿ ತರಾಕ ಗೋಕಾಕಿಗೋ ಮೂಡಲಗಿಗೋ ಹೊಂಟಾಗ ಆ ಮಗನ್ನೋ ಮಗಳನ್ನೋ ಕರದು ಲೆಕ್ಕ ಹಾಕಸ್ರಿ. ತಾಮ್ರದ ಗುಣ ನಾವು ಬದಲಿಸಾಕ ಬರೂದಿಲ್ಲ. ಉದ್ದ, ದಪ್ಪ ಎರಡೂ ನಮ್ಮ ಕೈಯಾಗ ಅದಾವ. ಅವನ್ನ ಅಳೀದ ಯಾರೂ ತಂತಿ ಕೊಳ್ಳಬ್ಯಾಡ್ರಿ.